ಬೀದಿ ನಾಟಕಕ್ಕೆ ಅಪಘಾತದ ಗಾಯ: ನಮ್ಮ ಕಡೆಯ ಸೆಕೆಗೆ ನಿಲ್ಲುವಂಥ ಮೇಕಪ್ ಮನೆಯಲ್ಲಿ ಮಾಡುವುದು ಹೇಗೆ?

ಬೀದಿನಾಟಕ_ಉಡುಪಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ನಮ್ಮ ಕಾಲೇಜು ತಂಡದ ಬೀದಿ ನಾಟಕ ಉಂಟು, ವಿಷಯ ಹೆಲ್ಮೆಟ್. ಬೆಳಿಗ್ಗೆ ಹತ್ತಕ್ಕೆ ಉಡುಪಿ ಸಿಟಿ ಬಸ್ ನಿಲ್ದಾಣದ ಬಳಿ, ಸಂಜೆ ನಾಲ್ಕಕ್ಕೆ ಮಲ್ಪೆಯಲ್ಲಿ, ಮರುದಿನ ಮಂಗಳೂರಿನಲ್ಲಿ.

ಗಾಯ ಬೇಕಾದ್ದು ಮೂರು ಪಾತ್ರಗಳಿಗೆ. ಬೈಕ್ ಓಡಿಸಿದವನಿಗೆ ಹಣೆ ಒಡೆದಿರಬೇಕು. ಹಿಂದೆ ಕೂತವಳಿಗೆ ಮೊಣಕೈ, ಅಂಗೈ, ಕೆನ್ನೆ ತರಚಿರಬೇಕು. ಮೂರನೆಯವನು ಒಂದು ವಾರದ ಹಿಂದೆ ಬಿದ್ದವನು. ಅವನಿಗೆ ಹಣೆಯಲ್ಲಿ ಹೊಲಿಗೆ, ಕಣ್ಣಿನ ಸುತ್ತ ನೀಲಿಗಟ್ಟಿದ ಗುರುತು.

ವ್ಯಾಸಲೀನ್‌ಗೆ ಮೈದಾ ಕಲಸಿದ ಮೇಣ ಒಳಗೆ ಫ್ಯಾನಿನಡಿ ಫೋಟೋ ತೆಗೆಯುವುದಕ್ಕೆ ಸಾಕಾಗ್ತದೆ. ಬಿಸಿಲಿಗೆ ಹೋದರೆ ಹಣೆಯಿಂದ ಜಾರಿ ಹುಬ್ಬಿನ ಮೇಲೆ ಬಂದು ಕೂರ್ತದೆ. ಜೆಲಾಟಿನ್ ಬೇಡ, ಯಾಕಂದ್ರೆ ತಂಡದಲ್ಲಿ ಇಬ್ಬರು ಪ್ರಾಣಿಮೂಲದ ವಸ್ತು ಮುಟ್ಟುವುದಿಲ್ಲ. ಒಟ್ಟು ಖರ್ಚು ಎರಡು ಸಾವಿರದ ಒಳಗೆ ಇರಬೇಕು. ಎರಡು ಪ್ರಯೋಗಗಳ ನಡುವೆ ಮತ್ತೆ ಪೂರ್ತಿ ಮೇಕಪ್ ಮಾಡಲಿಕ್ಕೆ ಸಮಯ ಇಲ್ಲ. ಯಾವ ವಸ್ತು, ಎಷ್ಟು, ಯಾವ ಕ್ರಮದಲ್ಲಿ ಅಂತ ಗೊತ್ತಿರುವವರು ಹೇಳಿ.

---

ಬಣ್ಣದಪೆಟ್ಟಿಗೆ

ಮೇಣ ಜಾರುವುದು ಸಹಜ ಮಾರಾಯ್ರೆ. ವ್ಯಾಸಲೀನ್ ಚರ್ಮಕ್ಕೆ ಅಂಟಿಕೊಳ್ಳುವ ವಸ್ತುವೇ ಅಲ್ಲ. ಅಡಿಯಿಂದ ಬೆವರು ಬಂದ ಕೂಡಲೇ ಇಡೀ ತುಂಡು ಬೆವರಿನ ಮೇಲೆ ತೇಲ್ತದೆ. ಎಷ್ಟು ಮೈದಾ ಸೇರಿಸಿದರೂ ಅದು ಸರಿಯಾಗುವುದಿಲ್ಲ, ಗಟ್ಟಿಯಾಗಿ ಬಿರುಕು ಬಿಡ್ತದೆ ಅಷ್ಟೆ.

ನಿಮಗೆ ಬೇಕಾದ್ದು ಮೇಕಪ್‌ಗೆಂದೇ ಮಾರುವ ಲಿಕ್ವಿಡ್ ಲ್ಯಾಟೆಕ್ಸ್ (ಒಣಗಿದರೆ ರಬ್ಬರ್ ಪೊರೆಯಾಗುವ ದ್ರವ) ಮತ್ತು ಟಿಶ್ಯೂ ಪೇಪರ್. 100 ಮಿ.ಲೀ. ಬಾಟಲಿ ಮೂರು ಪಾತ್ರಕ್ಕೆ ಧಾರಾಳ. ಅದನ್ನು ಮುಖದ ಮೇಲೆಯೇ ಕಟ್ಟುತ್ತಾ ಕೂರಬೇಡಿ. ಹಿಂದಿನ ದಿನವೇ ನಯವಾದ ಟೈಲ್ಸ್ ತುಂಡಿನ ಮೇಲೋ ಗಾಜಿನ ಮೇಲೋ ಗಾಯಗಳನ್ನು ಮಾಡಿ ಒಣಗಿಸಿ, ಬೆಳಿಗ್ಗೆ ಅಂಟಿಸಿ. ಪ್ರತಿ ಪ್ರಯೋಗಕ್ಕೂ ಒಂದೊಂದು ಹಣೆಯ ಗಾಯ, ಮೇಲೆ ಒಂದು ಹೆಚ್ಚಿಗೆ, ಹೀಗೆ ನಾಲ್ಕು ಮಾಡಿಟ್ಟರೆ ನಡುವಿನ ಸಮಯದ ಚಿಂತೆಯೇ ಇಲ್ಲ.

ಹಣೆಯ ಗಾಯಕ್ಕೆ: ಟಿಶ್ಯೂ ಎರಡು ಪದರದ್ದಾದರೆ ಬಿಡಿಸಿ ಒಂದೇ ಪದರ ಮಾಡಿಕೊಳ್ಳಿ. ಕತ್ತರಿಯಲ್ಲಿ ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಹರಿದ ಅಂಚಿನ ನಾರುಗಳೇ ಮುಂದೆ ಚರ್ಮದ ಜತೆ ಸೇರಿಹೋಗುವುದು; ಕತ್ತರಿಸಿದ ಅಂಚು ಎಷ್ಟು ಬಣ್ಣ ಬಳಿದರೂ ಗೆರೆಯಾಗಿ ಎದ್ದು ಕಾಣ್ತದೆ. ಟೈಲ್ಸ್ ಮೇಲೆ ಸುಮಾರು 6 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲಕ್ಕೆ ಲ್ಯಾಟೆಕ್ಸ್ ತೆಳ್ಳಗೆ ಸ್ಪಂಜಿನಲ್ಲಿ ಒತ್ತಿ. ಅದು ಒಣಗಿದ ಮೇಲೆ ಇನ್ನೊಂದು ಕೈ, ಅದರ ಮೇಲೆ ಟಿಶ್ಯೂ, ಮತ್ತೆ ಲ್ಯಾಟೆಕ್ಸ್. ನಡುವಿನಲ್ಲಿ ಮೂರರಿಂದ ನಾಲ್ಕು ಟಿಶ್ಯೂ ಪದರ ಬರಲಿ, ಅಂಚಿನ ಒಂದು ಸೆಂಟಿಮೀಟರಿನಲ್ಲಿ ಬರೀ ಲ್ಯಾಟೆಕ್ಸ್ ಇರಲಿ. ಗಾಯದ ಎರಡು ದಡ ಉಬ್ಬಿರಬೇಕಾದರೆ ಹತ್ತಿಯನ್ನು ಲ್ಯಾಟೆಕ್ಸಿನಲ್ಲಿ ಅದ್ದಿ ಬತ್ತಿಯಂತೆ ಹೊಸೆದು ಎರಡು ಸಾಲು ಇಟ್ಟು, ಮೇಲೆ ಟಿಶ್ಯೂ ಮುಚ್ಚಿ.

ಇಲ್ಲಿ ಹೆಚ್ಚಿನವರು ತಪ್ಪುವುದು ಒಣಗಿಸುವುದರಲ್ಲಿ. ಲ್ಯಾಟೆಕ್ಸ್ ಒಣಗುವುದೆಂದರೆ ಅದರೊಳಗಿನ ನೀರು ಹೋಗುವುದು. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ನೀರು ಬೇಗ ಹೋಗುವುದಿಲ್ಲ. ಒಮ್ಮೆಗೇ ದಪ್ಪ ಬಳಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹಾಲಿನಂತೆ ಹಸಿಯಾಗಿಯೇ ಉಳಿದು, ಎಬ್ಬಿಸುವಾಗ ಹರಿದು ಕೈಗೆ ಬರ್ತದೆ. ಬಿಳಿ ಇದ್ದರೆ ಹಸಿ, ಅರೆಪಾರದರ್ಶಕವಾಗಿ ತುಸು ಹಳದಿಗೆ ತಿರುಗಿದರೆ ಒಣಗಿದೆ ಅಂತ ಲೆಕ್ಕ. ಹೇರ್ ಡ್ರೈಯರ್ ತಣ್ಣಗಿನ ಗಾಳಿಯಲ್ಲಿ ಹಿಡಿಯಿರಿ, ಅಥವಾ ಫ್ಯಾನಿನ ಮುಂದೆ ಇಡಿ.

ಎಬ್ಬಿಸುವ ಮೊದಲು ಮೇಲೆ ಟಾಲ್ಕಂ ಪೌಡರ್ ಹಾಕಿ. ಅಂಚು ಎತ್ತಿ ಒಳಗೂ ಬ್ರಶ್ಶಿನಲ್ಲಿ ಪೌಡರ್ ತಳ್ಳುತ್ತಾ ಎಬ್ಬಿಸಿ. ಪೌಡರ್ ಮರೆತರೆ ಒಣ ಲ್ಯಾಟೆಕ್ಸಿಗೆ ಲ್ಯಾಟೆಕ್ಸ್ ತಾಗಿದಲ್ಲಿ ಅಂಟಿ ಮಡಚಿಹೋಗ್ತದೆ, ಮತ್ತೆ ಬಿಡಿಸಲಿಕ್ಕಾಗುವುದಿಲ್ಲ. ಸೀಳುವುದಿದ್ದರೆ ಎಬ್ಬಿಸಿದ ಮೇಲೆ, ಕೈಯಲ್ಲಿ ಹಿಡಿದು, ಸಣ್ಣ ಕತ್ತರಿಯಲ್ಲಿ ನಡುವೆ ಒಂದು ಅಂಕುಡೊಂಕು ಸೀಳು. ನಟನ ಚರ್ಮದ ಮೇಲಿರುವಾಗ ಬ್ಲೇಡ್ ಮುಟ್ಟಲೇಬಾರದು.

ಅಂಟಿಸಲಿಕ್ಕೆ ಸ್ಪಿರಿಟ್ ಗಮ್ ನಾಟಕದ ಸಾಮಾನು ಮಾರುವಲ್ಲಿ ಸಿಗ್ತದೆ. ಬಳಿದು, ಬೆರಳಿನಿಂದ ತಟ್ಟಿ ತಟ್ಟಿ ಅಂಟು ನೂಲೆಳೆಯುವಷ್ಟು ಆದ ಮೇಲೆ ಒತ್ತಬೇಕು. ಬಳಿದ ಕೂಡಲೇ ಒತ್ತಿದರೆ ಹಿಡಿಯುವುದಿಲ್ಲ. ಬೆವರಿಗೆ ಇದಕ್ಕಿಂತ ಪ್ರೋಸ್-ಏಡ್ ಎಂಬ ನೀರಿನ ಆಧಾರದ ಅಕ್ರಿಲಿಕ್ ಅಂಟು ಗಟ್ಟಿ. ಅದನ್ನು ಗಾಯದ ಹಿಂಬದಿಗೂ ಚರ್ಮಕ್ಕೂ ಎರಡೂ ಕಡೆ ತೆಳ್ಳಗೆ ಬಳಿದು, ಬಿಳಿ ಹೋಗಿ ಪಾರದರ್ಶಕ ಆದ ಮೇಲೆ ಒತ್ತುವುದು. ಬೆಲೆ ಜಾಸ್ತಿ, ಆದರೆ ಸಣ್ಣ ಬಾಟಲಿ ತಂದರೆ ಸಾಕು. ಫೆವಿಕ್ವಿಕ್ ಮಾತ್ರ ಯಾರು ಹೇಳಿದರೂ ಬೇಡ. ಚರ್ಮಕ್ಕೆ ಚರ್ಮವನ್ನೇ ಅಂಟಿಸ್ತದೆ, ಹತ್ತಿಗೆ ತಾಗಿದರೆ ಸುಡುವಷ್ಟು ಬಿಸಿಯಾಗ್ತದೆ.

---

ಗಾಯಪಾಠ

ನರ್ಸಿಂಗ್ ವಿದ್ಯಾರ್ಥಿಗಳ ಅಣಕು ಕಾರ್ಯಾಚರಣೆಗಳಲ್ಲಿ ಗಾಯ ತಯಾರಿಸುವ ಕ್ರಮದಿಂದ ಕೆಲವು ವಿಷಯ ಹೇಳುತ್ತೇನೆ. ಪ್ರೇಕ್ಷಕರಲ್ಲಿ ಆಂಬುಲೆನ್ಸ್ ಚಾಲಕರು, ಪೊಲೀಸರು, ನಿಜವಾಗಿ ಅಪಘಾತ ನೋಡಿದವರು ಇದ್ದೇ ಇರುತ್ತಾರೆ. ಅವರು ರಕ್ತ ಎಷ್ಟು ಸುರಿದಿದ್ದೀರಿ ಎಂದು ನೋಡುವುದಿಲ್ಲ. ಗಾಯ ಯಾವುದರಿಂದ ಆಯಿತು, ಆಗಿ ಎಷ್ಟು ಹೊತ್ತಾಯಿತು ಎಂಬ ಎರಡು ಪ್ರಶ್ನೆಗೆ ನಿಮ್ಮ ಮೇಕಪ್ ಉತ್ತರ ಕೊಡಬೇಕು.

ಸವಾರ ಈಗಷ್ಟೇ ಬಿದ್ದವನು. ಅವನ ಮುಖಕ್ಕೆ ನೇರಳೆ, ನೀಲಿ ಬಳಿಯಬೇಡಿ. ಏಟು ಬಿದ್ದ ಮೊದಲ ನಿಮಿಷಗಳಲ್ಲಿ ಇರುವುದು ಕೆಂಪು ಮತ್ತು ಬಾವು ಮಾತ್ರ. ನೀಲಿ-ನೇರಳೆ ಬರುವುದು ಹೊತ್ತು ಹೋದ ಮೇಲೆ. ಒಂದೆರಡು ದಿನಕ್ಕೆ ಚೆನ್ನಾಗಿ ಎದ್ದು ಕಾಣುತ್ತದೆ. ಚರ್ಮದ ಕೆಳಗೆ ಸೋರಿದ ರಕ್ತದ ಹಿಮೊಗ್ಲೋಬಿನ್ ಒಡೆಯುತ್ತಾ ಮೊದಲು ಹಸಿರು ಬಣ್ಣದ ಬಿಲಿವರ್ಡಿನ್, ಆಮೇಲೆ ಹಳದಿ ಬಣ್ಣದ ಬಿಲಿರುಬಿನ್ ಆಗುತ್ತದೆ. ಆದ್ದರಿಂದ ನಿಮ್ಮ ಮೂರನೆಯ ಪಾತ್ರಕ್ಕೆ, ವಾರ ಕಳೆದಿರುವುದರಿಂದ, ನೀಲಿ ಹೆಚ್ಚು ಇರಬಾರದು. ನಡುವೆ ಮಾಸಿದ ಕಂದು-ನೇರಳೆ, ಸುತ್ತ ಹಸಿರು, ಹೊರ ಅಂಚಿನಲ್ಲಿ ಹಳದಿ. ಹಣೆಗೆ ಏಟಾದರೂ ರಕ್ತ ಕೆಳಕ್ಕೆ ಇಳಿಯುವುದರಿಂದ ಬಣ್ಣ ಕಣ್ಣಿನ ಕೆಳರೆಪ್ಪೆ ಮತ್ತು ಕೆನ್ನೆಯ ಮೇಲ್ಭಾಗದಲ್ಲಿ ಕಾಣಬೇಕು.

ಅವನ ಹೊಲಿಗೆಯ ವಿಷಯದಲ್ಲೂ ಒಂದು ತಿದ್ದುಪಡಿ. ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಐದನೆಯ ದಿನದ ಸುಮಾರಿಗೆ ತೆಗೆದುಬಿಡುತ್ತಾರೆ; ತಲೆಯ ಚರ್ಮದ್ದು ಏಳರಿಂದ ಹತ್ತು ದಿನ ಇರುತ್ತದೆ. ಹೊಲಿಗೆ ಕಾಣಲೇಬೇಕೆಂದರೆ ಗಾಯವನ್ನು ಹಣೆಯಿಂದ ಕೂದಲಿನ ಅಂಚಿಗೆ ಸರಿಸಿ. ಕಪ್ಪು ಹೊಲಿಗೆ ನೂಲನ್ನು ಟೈಲ್ಸ್ ಮೇಲೆಯೇ ಲ್ಯಾಟೆಕ್ಸಿನಲ್ಲಿ ಕೂರಿಸಬಹುದು. ಸುಮಾರು ಅರ್ಧ ಸೆಂಟಿಮೀಟರಿಗೆ ಒಂದು, ಪ್ರತಿಯೊಂದಕ್ಕೂ ಬೇರೆ ಗಂಟು, ಎಲ್ಲ ಗಂಟುಗಳೂ ಗೆರೆಯ ಒಂದೇ ಬದಿಗೆ, ಕತ್ತರಿಸಿದ ತುದಿ ಅರ್ಧ ಸೆಂಟಿಮೀಟರ್ ಹೊರಗೆ ನಿಂತಿರಲಿ. ಬಟ್ಟೆಗೆ ಹಾಕುವ ಹಾಗೆ ಉದ್ದಕ್ಕೆ ಎಳೆದ ಒಂದೇ ನೂಲು ಬೇಡ. ಗೆರೆ ಮುಚ್ಚಿಕೊಂಡಿರಬೇಕು, ತೆಳು ಕಂದು ಹೊಪ್ಪಳೆ ಇರಬೇಕು, ಹಸಿ ರಕ್ತ ಇರಬಾರದು.

ತರಚು ಗಾಯದಲ್ಲಿ ರಕ್ತ ಹರಿಯುವುದಿಲ್ಲ. ಚುಕ್ಕಿ ಚುಕ್ಕಿಯಾಗಿ ಒಸರುತ್ತದೆ. ಗೆರೆಗಳೆಲ್ಲ ದೇಹ ರಸ್ತೆಯಲ್ಲಿ ಉಜ್ಜಿಹೋದ ದಿಕ್ಕಿಗೇ ಇರಬೇಕು. ಅಂಗೈಯಲ್ಲಿ ನಡುವೆ ಅಲ್ಲ, ಮಣಿಕಟ್ಟಿನ ಹತ್ತಿರದ ದಪ್ಪ ಭಾಗದಲ್ಲಿ. ಬೀಳುವಾಗ ನೆಲಕ್ಕೆ ಊರುವುದು ಅದೇ. ಕೆನ್ನೆಯಲ್ಲಿ ಮೂಳೆ ಉಬ್ಬಿದ ಕಡೆ.

ತಲೆಯ ಗಾಯ ಮಾತ್ರ ಧಾರಾಳ ರಕ್ತ ಕೊಡುತ್ತದೆ, ಅಲ್ಲಿನ ರಕ್ತನಾಳಗಳು ಬಹಳ, ಕುಗ್ಗುವುದೂ ಕಡಿಮೆ. ಆದರೆ ದಾರಿ ನೋಡಿಕೊಳ್ಳಿ. ನಟ ಮಲಗಿರುವಾಗ ರಕ್ತ ಕಿವಿಯ ಕಡೆಗೆ ಹರಿದಿರಬೇಕು, ಕೂತಿದ್ದರೆ ಹುಬ್ಬಿಗೆ ತಡೆದು ಮೂಗಿನ ಬದಿಯಲ್ಲಿ ಇಳಿಯಬೇಕು. ಬ್ರಶ್ಶಿನಲ್ಲಿ ಗೆರೆ ಎಳೆಯದೆ, ದೃಶ್ಯದ ಭಂಗಿಯಲ್ಲೇ ನಟನನ್ನು ಇರಿಸಿ ಡ್ರಾಪರ್‌ನಲ್ಲಿ ಗಾಯದ ಮೇಲೆ ಬಿಟ್ಟರೆ ರಕ್ತ ತಾನೇ ದಾರಿ ಹಿಡಿಯುತ್ತದೆ.

ಬಣ್ಣದ ಬಗ್ಗೆ: ಇಂಟರ್ನೆಟ್ಟಿನ ವಿಡಿಯೋಗಳಲ್ಲಿ ಹೆಚ್ಚಿನವು ಬಿಳಿ ಚರ್ಮಕ್ಕೆ ಮಾಡಿದಂಥವು. ಅದೇ ಗುಲಾಬಿ-ಕೆಂಪನ್ನು ನಮ್ಮ ಕಂದು ಚರ್ಮಕ್ಕೆ ಹಾಕಿದರೆ ಲಿಪ್‌ಸ್ಟಿಕ್ ಉಜ್ಜಿದ ಹಾಗಿರುತ್ತದೆ. ಹೊಸ ಏಟಿಗೆ ಕಂದು ಬೆರೆತ ಕಡುಗೆಂಪು, ಹಳೆಯದಕ್ಕೆ ಕಡು ನೇರಳೆ-ಕಂದು ಬೇಕು. ಗಾಯದ ಒಳಗೆ ಆಳದಲ್ಲಿ ಮರೂನ್, ದಡಕ್ಕೆ ಬರುತ್ತಾ ಕೆಂಪು. ಕಪ್ಪು ತೀರಾ ಆಳದ ಒಂದು ಎಳೆಯಷ್ಟೇ.

---

ಬೀದಿನಾಟಕ_ಉಡುಪಿ

ವಾರದ ಗಾಯದ ಬಗ್ಗೆ ಹೇಳಿದ್ದು ತುಂಬ ಉಪಯೋಗ ಆಯ್ತು. ಸಂಭಾಷಣೆಯಲ್ಲಿ "ಹಣೆಗೆ ಹೊಲಿಗೆ" ಎಂದಿದ್ದದ್ದನ್ನೂ "ತಲೆಗೆ" ಅಂತ ಬದಲಿಸ್ತೇವೆ.

ಇನ್ನೆರಡು ಪ್ರಶ್ನೆ. ತಂಡದಲ್ಲಿ ಒಬ್ಬರ ಮನೆಯಲ್ಲಿ, ಬೆಳ್ತಂಗಡಿ ಕಡೆ, ರಬ್ಬರ್ ತೋಟ ಉಂಟು. ಮರದ ಹಾಲೂ ಲ್ಯಾಟೆಕ್ಸೇ ಅಲ್ವಾ, ಅದನ್ನೇ ಉಪಯೋಗಿಸಬಹುದಾ? ಮತ್ತೆ, ರಕ್ತ ಮಾಡುವುದು ಹೇಗೆ? ಕಲೆ ಹೋಗಬೇಕು, ಇರುವೆ ಬರಬಾರದು.

---

ಬಣ್ಣದಪೆಟ್ಟಿಗೆ

ತೋಟದ ಹಾಲು ಬೇಡ. ಮರದಿಂದ ಇಳಿಸಿದ ಹಾಲಿನಲ್ಲಿ ರಬ್ಬರ್ ಅಂಶ ಮೂರನೇ ಒಂದು ಪಾಲಿನಷ್ಟೇ, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ ಒಣಗಲಿಕ್ಕೆ ಇನ್ನೂ ತಡ. ಅಲರ್ಜಿ ತರುವ ಪ್ರೊಟೀನ್‌ಗಳೂ ಅದರಲ್ಲಿ ಪೂರ್ತಿ ಉಳಿದಿರ್ತವೆ. ಹಾಗೇ ಬಿಟ್ಟರೆ ಕೆಲವು ಗಂಟೆಗಳಲ್ಲಿ ಒಡೆದು ಗಡ್ಡೆಯಾಗ್ತದೆ. ಕೆಡದ ಹಾಗೆ ಇಡಲಿಕ್ಕೆ ಅಮೋನಿಯಾ ಹಾಕಿದ್ದರೆ, ಎಷ್ಟು ಹಾಕಿದ್ದಾರೆ ಅಂತ ಲೆಕ್ಕ ಇರುವುದಿಲ್ಲ, ಅದು ಕಣ್ಣಿನ ಹತ್ತಿರ ಹಚ್ಚುವ ವಸ್ತುವಲ್ಲ. ಮೇಕಪ್‌ನ ಲ್ಯಾಟೆಕ್ಸಿನಲ್ಲೂ ಅಮೋನಿಯಾ ಉಂಟು, ಆದರೆ ಕಡಿಮೆ. ಅದನ್ನೂ ಕಿಟಕಿ ತೆರೆದ ಕೋಣೆಯಲ್ಲೇ ಬಳಸಿ. ಟೈಲ್ಸ್ ಮೇಲೆ ಮೊದಲೇ ಮಾಡಿಟ್ಟರೆ ನಟರ ಮೂಗಿಗೆ ಆ ವಾಸನೆ ತಾಗುವುದೇ ಇಲ್ಲ.

ಯಾವುದೇ ಲ್ಯಾಟೆಕ್ಸ್ ಆಗಲಿ, ನಾಟಕಕ್ಕೆ ಕೆಲವು ದಿನ ಮೊದಲು ಮೂವರ ಮೊಣಕೈಯ ಒಳಬದಿಗೂ ನಾಣ್ಯದಷ್ಟಗಲ ಹಚ್ಚಿ 24 ಗಂಟೆ ನೋಡಿ. ಅಂಟನ್ನೂ ಹಾಗೆಯೇ. ರಬ್ಬರ್ ಗ್ಲೌಸ್ ಹಾಕಿದರೆ ತುರಿಸುವವರು, ಬಲೂನ್ ಊದಿದರೆ ತುಟಿ ಬಾತುಕೊಳ್ಳುವವರು ಇದ್ದರೆ ಪರೀಕ್ಷೆಯೂ ಬೇಡ, ಅವರಿಗೆ ಬರೀ ಬಣ್ಣದ ಗಾಯ ಸಾಕು. ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿಹಣ್ಣು ತಿಂದರೆ ಬಾಯಿ ತುರಿಸುವವರನ್ನೂ ಕೇಳಿಕೊಳ್ಳಿ. ಲ್ಯಾಟೆಕ್ಸ್ ಅಲರ್ಜಿ ಇರುವವರಲ್ಲಿ ಈ ಹಣ್ಣುಗಳ ಅಲರ್ಜಿಯೂ ಜತೆಗೆ ಕಾಣ್ತದೆ.

ತರಚಿಗೆ ಒಂದು ಸುಲಭದ ದಾರಿ. ತೆಂಗಿನ ನಾರನ್ನು ಚೆನ್ನಾಗಿ ತೊಳೆದು ಒಣಗಿಸಿ ಒಂದು ಉಂಡೆ ಮಾಡಿ. ಚರ್ಮದ ಮೇಲೆ ಲ್ಯಾಟೆಕ್ಸ್ ಒಂದೇ ಒಂದು ತೆಳು ಪದರ. ಅದು ಅರ್ಧ ಒಣಗಿರುವಾಗ ಬೆರಳಿನಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಸಿಪ್ಪೆ ಎದ್ದ ಹಾಗೆ ಸುರುಳುತ್ತದೆ. ಪೂರ್ತಿ ಒಣಗಿದ ಮೇಲೆ ನಾರಿನ ಉಂಡೆಯ ತುದಿಯನ್ನು ಕಡುಗೆಂಪು ಬಣ್ಣಕ್ಕೆ ಮುಟ್ಟಿಸಿ, ಮೊದಲು ಕಾಗದದ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಆಮೇಲೆ ಹಗುರವಾಗಿ ಒತ್ತಿ, ತುಸು ಎಳೆಯಿರಿ. ರಸ್ತೆಯ ಧೂಳಿಗೆ ಕಾಫಿ ಪುಡಿ ಉದುರಿಸಿ. ನಿಜವಾದ ಮಣ್ಣು ಬೇಡ, ಬೆವರು ಮತ್ತು ಉಜ್ಜುವಿಕೆ ಸೇರಿದಾಗ ಅದು ನಿಜವಾದ ಗಾಯವನ್ನೇ ಮಾಡ್ತದೆ.

---

ಚೌಕಿಮೂಲೆ

ರಕ್ತಕ್ಕೆ ಎರಡು ಪಾಕ ಉಂಟು. ಒಳಾಂಗಣಕ್ಕೆ ಎಲ್ಲರೂ ಮಾಡುವುದು ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್‌ಗೆ ಬಣ್ಣ ಹಾಕಿ. ನೋಡಲಿಕ್ಕೆ ಚಂದ, ಹೊಳಪು ಹೋಗುವುದಿಲ್ಲ. ಆದರೆ ಮಲ್ಪೆಯಂಥ ಕಡೆ ಐದು ನಿಮಿಷಕ್ಕೆ ನೊಣ ಮುತ್ತುತ್ತದೆ, ನೆಲಕ್ಕೆ ಬಿದ್ದದ್ದಕ್ಕೆ ಇರುವೆ. ಹೊರಗಿನ ಪ್ರಯೋಗಕ್ಕೆ ಸಕ್ಕರೆ ಇಲ್ಲದ್ದು ಮಾಡಿ:

ಕುದಿಸಿ ಆರಿಸಿದ ನೀರು 250 ಮಿ.ಲೀ., ಮೆಡಿಕಲ್‌ನಲ್ಲಿ ಸಿಗುವ ಗ್ಲಿಸರಿನ್ 30 ಮಿ.ಲೀ., ಬೇಕರಿ ಸಾಮಾನಿನ ಕ್ಸಾಂಥನ್ ಗಮ್ (ಪಾಕ ಮಂದ ಮಾಡುವ ಪುಡಿ) 1 ಗ್ರಾಂ. ಗಮ್ ಅನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿ, ಆಮೇಲೆ ನೀರಿಗೆ ಹಾಕಿ ಕಡೆಯಿರಿ. ನೇರ ನೀರಿಗೆ ಉದುರಿಸಿದರೆ ಮೀನಿನ ಕಣ್ಣಿನ ಹಾಗೆ ಗಂಟು ಗಂಟಾಗಿ ಉಳಿದುಬಿಡ್ತದೆ, ಮತ್ತೆ ಎಷ್ಟು ಕಡೆದರೂ ಕರಗುವುದಿಲ್ಲ. ಹರಿಯುವ ರಕ್ತಕ್ಕೆ 1 ಗ್ರಾಂ, ಗಾಯದಲ್ಲಿ ಹೆಪ್ಪುಗಟ್ಟಿ ನಿಲ್ಲುವುದಕ್ಕೆ 2 ಗ್ರಾಂ ಹಾಕಿ ಬೇರೆಯಾಗಿ ಸ್ವಲ್ಪ ಮಾಡಿಕೊಳ್ಳಿ. ತಿನ್ನುವ ಕೆಂಪು ಬಣ್ಣದ ಪುಡಿ ಕಾಲು ಟೀ ಚಮಚದಿಂದ ಶುರು ಮಾಡಿ. ಒಂದು ಟೀ ಚಮಚ ಕೋಕೋ ಪುಡಿಯನ್ನು ಬಿಸಿ ನೀರಿನಲ್ಲಿ ಕಲಸಿ ಸೇರಿಸಿ, ಅದು ಪಾರದರ್ಶಕತೆ ಕಡಿಮೆ ಮಾಡಿ ನಿಜವಾದ ರಕ್ತದ ಮಂದ ಬಣ್ಣ ಕೊಡ್ತದೆ. ಕೊನೆಗೆ ಹಸಿರು ಬಣ್ಣ ಒಂದೇ ಹನಿ. ಬಾಟಲಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಬಿಳಿ ತಟ್ಟೆಗೆ ಒಂದು ಹನಿ ಎಳೆದು ಬಿಸಿಲಿಗೆ ಹಿಡಿದು ನೋಡಿ. ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ. ಹುಳಿ ವಾಸನೆ ಬಂದರೆ ಚೆಲ್ಲಿ.

ಕಲೆಯ ವಿಷಯ. ಈ ಕೆಂಪು ಬಣ್ಣಗಳು ಪ್ರೊಟೀನ್‌ಗೆ ಗಟ್ಟಿಯಾಗಿ ಹಿಡಿಯುವಂಥವು. ಹಾಗಾಗಿ ರೇಷ್ಮೆ, ಉಣ್ಣೆ, ಮತ್ತೆ ನೈಲಾನ್‌ಗೆ ಬಿದ್ದರೆ ಹೋಗುವುದು ಕಷ್ಟ. ಹತ್ತಿ ಬಟ್ಟೆಯನ್ನು ಒಣಗುವ ಮೊದಲು ತಣ್ಣೀರಿನಲ್ಲಿ ನೆನೆಸಿದರೆ ಹೆಚ್ಚಿನದು ಹೋಗ್ತದೆ. ಚರ್ಮವೂ ಪ್ರೊಟೀನೇ, ಅದಕ್ಕೇ ಬೆರಳುಗಳು ಎರಡು ದಿನ ಕೆಂಪಾಗಿ ಉಳಿಯುವುದು. ಲ್ಯಾಟೆಕ್ಸ್ ಅಂಟಿಸಿದ ಮೇಲೆ, ರಕ್ತ ಹರಿಯುವ ದಾರಿಗೆ ಮಾತ್ರ ತೆಳ್ಳಗೆ ಕೋಲ್ಡ್ ಕ್ರೀಮ್ ಉಜ್ಜಿ ಪೌಡರ್ ಒತ್ತಿದರೆ ಕಲೆ ಕಡಿಮೆ. ಅಂಟಿಸುವ ಜಾಗಕ್ಕೆ ಕ್ರೀಮ್ ತಾಗಿದರೆ ಅಂಟು ಹಿಡಿಯುವುದಿಲ್ಲ, ಕ್ರಮ ತಪ್ಪಿಸಬೇಡಿ.

ಬಣ್ಣದ ಪ್ಯಾಕೆಟ್ಟಿನ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿಯೇ ತನ್ನಿ. ಬಿಡಿಯಾಗಿ ಸಿಗುವ ರಂಗೋಲಿ ಬಣ್ಣ, ಓಕುಳಿ ಪುಡಿ, ಅಗ್ಗದ ಕುಂಕುಮ ಯಾವುದೂ ಕಣ್ಣು-ಬಾಯಿಯ ಹತ್ತಿರ ಬೇಡ. ಯಾರದ್ದಾದರೂ ಮನೆಯಲ್ಲಿ ಯಕ್ಷಗಾನದ ಹಳೆಯ ಬಣ್ಣದ ಪೆಟ್ಟಿಗೆ ಇದ್ದರೆ ಅದರ ಇಂಗಳೀಕ, ಅರದಾಳಕ್ಕೆ ಕೈ ಹಾಕಬೇಡಿ. ಇಂಗಳೀಕ ಪಾದರಸದ್ದು, ಅರದಾಳ ಆರ್ಸೆನಿಕ್‌ನದ್ದು. ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಕ್ಕೆ) ಚುಟ್ಟಿ, ಅಂದರೆ ಮುಖದ ಮೇಲೆ ಉಬ್ಬು ಚುಕ್ಕಿ, ಇಡುವ ಅಕ್ಕಿಹಿಟ್ಟು-ಸುಣ್ಣದ ಪಾಕದಿಂದ ಬಾವು ಎಬ್ಬಿಸಬಹುದಲ್ಲ ಅಂತ ಕೆಲವರು ಕೇಳ್ತಾರೆ. ಅದು ಒಣಗಿದರೆ ಬಿರುಸು, ಚರ್ಮದ ಚಲನೆಗೆ ಬಗ್ಗುವುದಿಲ್ಲ, ಸುಣ್ಣ ಅಭ್ಯಾಸ ಇಲ್ಲದ ಚರ್ಮವನ್ನು ಉರಿಸ್ತದೆ. ಆ ಕಲೆಯ ಮೇಲೆ ಗೌರವ ಇರುವುದರಿಂದಲೇ ಹೇಳ್ತಿದ್ದೇನೆ, ಅದನ್ನು ಅದರ ವೇಷಕ್ಕೇ ಬಿಡಿ.

ಬೆವರಿಗೆ: ಹಣೆ ತೊಳೆದು, ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಎರಡು ನಿಮಿಷ ಒತ್ತಿ, ಒರೆಸಿ, ಪಟಿಕದ ನೀರನ್ನು ಹತ್ತಿಯಲ್ಲಿ ಸವರಿ ಒಣಗಲು ಬಿಡಿ. ಆಗಷ್ಟೇ ಶೇವ್ ಮಾಡಿದಲ್ಲಿ ಅದು ಉರಿಯುತ್ತದೆ, ಹಣೆಗೆ ತೊಂದರೆ ಇಲ್ಲ. ನಾಟಕದ ಬೆವರು ಬೇರೆ ಬೇಕಾದರೆ ಗ್ಲಿಸರಿನ್, ನೀರು ಸಮಸಮ ಬೆರೆಸಿ ಮೇಲಿನ ತುಟಿಗೆ ಸ್ಪ್ರೇ ಮಾಡಿ, ಆಘಾತಕ್ಕೊಳಗಾದವನ ತಣ್ಣನೆ ಬೆವರಿನ ಹಾಗೆ ಕಾಣ್ತದೆ.

---

ಅಗರ್‌ಅಗರ್

ಜೆಲಾಟಿನ್ ಬದಲು ಚೈನಾ ಗ್ರಾಸ್ (ಅಗರ್ ಅಗರ್) ಆಗುವುದಿಲ್ವಾ? ಪೂರ್ತಿ ಸಸ್ಯಮೂಲ, ಬೇಗ ಗಟ್ಟಿಯಾಗ್ತದೆ.

---

ಗಾಯಪಾಠ

ಗಟ್ಟಿಯಾಗುತ್ತದೆ, ಆದರೆ ಬಗ್ಗುವುದಿಲ್ಲ. ಜೆಲಾಟಿನ್ ಎಳೆದರೆ ಹಿಗ್ಗುತ್ತದೆ. ಚೈನಾ ಗ್ರಾಸ್ ಹಣೆ ಸುಕ್ಕುಗಟ್ಟಿದ ಕೂಡಲೇ ಮುರಿಯುತ್ತದೆ, ಚರ್ಮಕ್ಕೂ ಅಂಟಿಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯ, ಗಟ್ಟಿಯಾದದ್ದನ್ನು ಮತ್ತೆ ಕರಗಿಸಲು 85 ಡಿಗ್ರಿಯ ಹತ್ತಿರ ಬಿಸಿ ಬೇಕು. ಆ ಬಿಸಿಯಲ್ಲಿ ಮುಖಕ್ಕೆ ಹಾಕಿದರೆ ಸುಟ್ಟ ಗಾಯ ನಿಜವಾಗಿಯೇ ಆಗುತ್ತದೆ. ಜೆಲಾಟಿನ್ ಕೂಡ ಇಲ್ಲಿನ ಬಿಸಿಲಿಗೆ ನಂಬುವಂಥದ್ದಲ್ಲ, ಮೈ ಬಿಸಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಪ್ರಶ್ನೆ ಕೇಳಿದವರು ಅದನ್ನು ಬಿಟ್ಟಿದ್ದು ಬೇರೆ ಕಾರಣಕ್ಕಾದರೂ ಹೊರಾಂಗಣಕ್ಕೆ ಅದೇ ಸರಿ.

---

ಬೀದಿನಾಟಕ_ಉಡುಪಿ

ತೆಗೆಯುವುದು ಹೇಗೆ? ಹುಬ್ಬಿನ ಮೇಲೆ ಅಂಚು ಬರ್ತದೆ. ಮತ್ತೆ ಬಸ್ ನಿಲ್ದಾಣದಂಥ ಜಾಗದಲ್ಲಿ ಬೇರೆ ಏನಾದರೂ ನೋಡಿಕೊಳ್ಳಬೇಕಾ?

---

ಬಣ್ಣದಪೆಟ್ಟಿಗೆ

ಹುಬ್ಬು ಮತ್ತು ಕೂದಲಂಚಿಗೆ ಅಂಟಿಸುವ ಮೊದಲೇ ವ್ಯಾಸಲೀನ್ ದಪ್ಪಗೆ ಹಚ್ಚಿ ಕೂದಲನ್ನು ಚಪ್ಪಟೆ ಮಾಡಿ. ಕೂದಲಿಗೆ ಲ್ಯಾಟೆಕ್ಸ್ ಹಿಡಿದರೆ ಕೂದಲೇ ಬರ್ತದೆ. ತೆಗೆಯುವಾಗ ಅಂಚಿಗೆ ತೆಂಗಿನೆಣ್ಣೆ ಬಿಟ್ಟು ಐದು ನಿಮಿಷ ಕಾಯಿರಿ. ಎಣ್ಣೆ ಲ್ಯಾಟೆಕ್ಸನ್ನು ಮೆತ್ತಗೆ ಮಾಡ್ತದೆ, ಆಮೇಲೆ ಬೆರಳಿನಿಂದ ಉರುಳಿಸುತ್ತಾ ಬನ್ನಿ. ಸ್ಪಿರಿಟ್ ಗಮ್‌ಗೆ ಅದರದ್ದೇ ರಿಮೂವರ್ ಬೇಕು, ಕಣ್ಣಿನ ಹತ್ತಿರ ಹತ್ತಿಯಲ್ಲಿ ಅದ್ದಿ ಹಿಂಡಿ ಉಪಯೋಗಿಸಿ. ಗಮ್ ಮತ್ತು ರಿಮೂವರ್ ಎರಡೂ ಬೇಗ ಬೆಂಕಿ ಹಿಡಿಯುವಂಥವು, ದೀಪದ ಹತ್ತಿರ ಬೇಡ.

ಬಾಕಿ ಉಳಿದ ಲ್ಯಾಟೆಕ್ಸ್ ಬಾಟಲಿಯ ಬಾಯಿ ಒರೆಸಿ ಮುಚ್ಚಿ ನೆರಳಿನಲ್ಲಿಡಿ. ಫ್ರೀಜರ್‌ಗೆ ಹಾಕಿದರೆ ಒಡೆದು ಗಡ್ಡೆಯಾಗ್ತದೆ. ಬ್ರಶ್ ಉಪಯೋಗಿಸುವುದಾದರೆ ಮೊದಲು ಸೋಪಿನ ನೀರಿನಲ್ಲಿ ಅದ್ದಿಕೊಳ್ಳಿ, ಇಲ್ಲದಿದ್ದರೆ ಆ ಬ್ರಶ್ ಅಂದಿಗೇ ಮುಗಿಯಿತು.

---

ಗಾಯಪಾಠ

ಸ್ಥಳದ ವಿಷಯ ನಾನು ಹೇಳುತ್ತೇನೆ, ಇದನ್ನು ಮೇಕಪ್‌ನಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಸ್ಥಳೀಯ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ, ಅನುಮತಿ ತೆಗೆದುಕೊಳ್ಳಿ, ನಾಟಕ ಎಂಬ ಬ್ಯಾನರ್ ಎಲ್ಲ ಬದಿಗೂ ಕಾಣುವಂತಿರಲಿ. ದೂರದಿಂದ ಬಂದವರು ನಿಜವೆಂದು ತಿಳಿದು 108ಕ್ಕೆ ಕರೆ ಮಾಡಿದರೆ, ನಿಜವಾಗಿ ಬೇಕಾದವರಿಗೆ ಹೋಗಬೇಕಾದ ಆಂಬುಲೆನ್ಸ್ ನಿಮ್ಮ ಕಡೆ ಬರುತ್ತದೆ. ನಟ ನಿಜವಾಗಿಯೇ ಪೆಟ್ಟು ಮಾಡಿಕೊಂಡರೆ ಹೇಳಲು ಸಂಭಾಷಣೆಯಲ್ಲಿ ಎಲ್ಲೂ ಬಾರದ ಒಂದು ಮಾತನ್ನು ಎಲ್ಲರೂ ನಿಗದಿ ಮಾಡಿಕೊಳ್ಳಿ. ಮುಖದ ತುಂಬ ರಕ್ತ ಇರುವಾಗ ನೋಡಿ ತಿಳಿಯುವುದು ಯಾರಿಗೂ ಸಾಧ್ಯವಿಲ್ಲ. ನೆಲಕ್ಕೆ ರಕ್ತ ಬೀಳುವುದಾದರೆ ಹಳೆಯ ಟಾರ್ಪಾಲ್ ಹಾಸಿ, ಗ್ಲಿಸರಿನ್ ಬೆರೆತ ನೀರು ನಯವಾದ ನೆಲದ ಮೇಲೆ ಜಾರುತ್ತದೆ. ಉಡುಪಿಯಿಂದ ಮಲ್ಪೆಗೆ ಬಸ್ಸಿನಲ್ಲಿ ಹೋಗುವುದಿದ್ದರೆ ಗಾಯದ ತುಂಡು ತೆಗೆದು ಮುಖ ತೊಳೆದೇ ಹತ್ತಿ. ಅಲ್ಲಿ ಎರಡನೆಯ ತುಂಡು ಅಂಟಿಸಲು ಹತ್ತು ನಿಮಿಷ ಸಾಕು. ತೆಗೆದ ತುಂಡನ್ನು ಮತ್ತೆ ಬಳಸಬೇಡಿ, ಬೆವರು ಹೀರಿದ ಅಂಚು ಎರಡನೆಯ ಸಲ ಕೂರುವುದಿಲ್ಲ.